ಆರು ಲಕ್ಷ, ಒಂದು ಟಬ್ಬು, ಒಂದು ಹಂಡೆ

ಪ್ರಶ್ನೆ:
ಮೇಡಂ, ನನಗೀಗ ಐವತ್ತೆಂಟು. ಹೊಳಲ್ಕೆರೆ ತಾಲ್ಲೂಕು ಬಿ.ದುರ್ಗ ಹೋಬಳಿಯಲ್ಲಿ ನಾಲ್ಕೂವರೆ ಎಕರೆ ಅಡಿಕೆ ತೋಟ, ಬದುವಿನಲ್ಲಿ ಒಂದಿಷ್ಟು ತೆಂಗು. ಹೋದ ವರ್ಷ ಬೆಂಗಳೂರಿನಲ್ಲಿರುವ ಮಗ ಸೊಸೆ ನಮ್ಮಿಬ್ಬರನ್ನೂ ಚಿಕ್ಕಮಗಳೂರು ಕಡೆಯ ಒಂದು ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಹಾಟ್ ಟಬ್ಬಿನಲ್ಲಿ ಅರ್ಧ ಗಂಟೆ ಕೂತೆ. ಹತ್ತು ವರ್ಷದ ಮಂಡಿ ನೋವು ಯಾರೋ ಎತ್ತಿ ಪಕ್ಕಕ್ಕಿಟ್ಟಂತೆ ಆಯಿತು. ಆವತ್ತಿನಿಂದ ಅದೇ ತಲೆಯಲ್ಲಿದೆ. ಈ ಸಲ ತೋಟ ಚೇಣಿಗೆ ಕೊಟ್ಟ ದುಡ್ಡಿನಲ್ಲಿ ಸಾಲ ತೀರಿಸಿ ಆರು ಲಕ್ಷ ಉಳಿದಿದೆ. ನಾಲ್ಕು ಜನ ಕೂರುವ ಟಬ್ಬಿಗೆ ಬೆಂಗಳೂರಿನ ಅಂಗಡಿಯವರು 4,85,000 ರೂಪಾಯಿ ಕೊಟೇಷನ್ ಕೊಟ್ಟಿದ್ದಾರೆ. ತಾರಸಿ ಮೇಲೆ ಇಟ್ಟರೆ ಕೂತಲ್ಲಿಂದ ತೋಟ ಕಾಣುತ್ತದೆ. ಆದರೆ ಮನೆಯವಳು, 'ನಿಮಗೇನ್ ತಲೆ ಕೆಟ್ಟೈತಾ? ಟ್ಯಾಂಕರ್ ನೀರು ಹೊಡೆಸಿ ಗಿಡ ಉಳಿಸ್ಕಂಡಿದ್ದು ಮರ್ತೋಯ್ತಾ? ಊರೋರು ನಗ್ತಾರೆ' ಎಂದಳು. ತಿಂಗಳಿಂದ ಸರಿಯಾಗಿ ಮಾತಿಲ್ಲ. ಮಗನನ್ನು ಕೇಳಿದರೆ 'ನಿಮ್ಮ ದುಡ್ಡು, ನಿಮ್ಮಿಷ್ಟ' ಅನ್ನುತ್ತಾನೆ. ಜೀವಮಾನವೆಲ್ಲ ಎರಡು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿದವನು ನಾನು. ಅದೂ ಅವಳು ಬೆಳಿಗ್ಗೆ ಐದಕ್ಕೆ ಎದ್ದು ಹಂಡೆಗೆ ಉರಿ ಹಾಕಿ ಕಾಯಿಸಿದ್ದು. ಈ ವಯಸ್ಸಿನಲ್ಲಿ ಇಂಥ ಆಸೆ ತಪ್ಪೇ? ತಪ್ಪಲ್ಲದಿದ್ದರೆ ಎಷ್ಟು ದುಡ್ಡು ಎತ್ತಿಡಬೇಕು? ಬಿಪಿಗೆ ಮಾತ್ರೆ ತಗೊಳ್ಳುತ್ತೇನೆ.
ಹೆಸರು ಬೇಡ, ಬಿ.ದುರ್ಗ ಹೋಬಳಿ

ಉತ್ತರ:
ತಪ್ಪಲ್ಲ, ಯಜಮಾನರೇ. ದೀಪಾವಳಿಯ ಮೊದಲ ದಿನಕ್ಕೆ 'ನೀರು ತುಂಬುವ ಹಬ್ಬ' ಎಂದು ಹೆಸರಿಟ್ಟ ಜನ ನಾವು. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡಲ ಬಳ್ಳಿ ಸುತ್ತಿ, ದೇವರಿಗೆ ಮಾಡಿದಷ್ಟೇ ಉಪಚಾರವನ್ನು ಬಚ್ಚಲೊಲೆಗೂ ಮಾಡುತ್ತೇವೆ. ಬಿಸಿನೀರಿನ ಸುಖವನ್ನು ರೆಸಾರ್ಟಿನವರು ನಿಮಗೆ ಹೊಸದಾಗಿ ಕಲಿಸಲಿಲ್ಲ. ಅಲ್ಲಿ ಹೊಸದಾಗಿ ಸಿಕ್ಕಿದ್ದು ಅವಸರವಿಲ್ಲದ ಅರ್ಧ ಗಂಟೆ. ಅದಕ್ಕೆ ಎಷ್ಟು ಕೊಡಬಹುದು ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಲೆಕ್ಕಕ್ಕೆ ಕೂರೋಣ.

ಮೊದಲು ಆ ಕೊಟೇಷನ್ ಕಾಗದವನ್ನು ಮತ್ತೊಮ್ಮೆ ತೆಗೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ. ಜಿಎಸ್‌ಟಿ ಪ್ರತ್ಯೇಕ ಎಂದಿದ್ದರೆ, ಶೇ 18ರಂತೆ 87,300 ರೂಪಾಯಿ ಏರುತ್ತದೆ. ಅಲ್ಲಿಗೇ 5,72,300. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್ ದಾಟಿ ಬರುವ ಲಾರಿ ಬಾಡಿಗೆ, ಎಂಟು ಹತ್ತು ಜನ ಹಿಡಿದು ಇಳಿಸುವ ಕೂಲಿ, ಎಲ್ಲ ಸೇರಿ 25 ಸಾವಿರ ಇಟ್ಟುಕೊಳ್ಳಿ. ಟಬ್ಬು ಕೂರಲು ಸಮತಟ್ಟಾದ ಕಾಂಕ್ರೀಟ್ ಹಾಸು, ನೀರು ಹರಿದುಹೋಗುವ ದಾರಿ, ಬಿಸಿಲು ಬೀಳದಂತೆ ಶೀಟಿನ ಮಾಡು ಎಂದರೆ ಮೇಸ್ತ್ರಿ 75 ಸಾವಿರಕ್ಕೆ ಕಡಿಮೆ ಹೇಳಲಾರ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ದಪ್ಪ ವೈರು, ಅರ್ಥಿಂಗ್, ಕರೆಂಟ್ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುವ ಬ್ರೇಕರ್ ಇವಕ್ಕೆ 35 ಸಾವಿರ. ನಿಮ್ಮ ಬೋರಿನ ನೀರು ಸವಳಾಗಿದ್ದರೆ ಅದನ್ನು ಮೆದುಗೊಳಿಸುವ ಯಂತ್ರಕ್ಕೆ 40 ಸಾವಿರ. ಕೂಡಿಸಿದರೆ 7,47,300 ಆಯಿತು. ತೆರಿಗೆ ಬಿಟ್ಟರೆ ಉಳಿದವು ನನ್ನ ಅಂದಾಜು. ನಿಮ್ಮ ಮೇಸ್ತ್ರಿ, ನಿಮ್ಮ ವೈರ್‌ಮನ್ ಹೇಳುವ ಅಂಕಿಯನ್ನೇ ಹಾಕಿಕೊಳ್ಳಿ, ಹೇಗೆ ಹಾಕಿದರೂ ಆರು ಲಕ್ಷದೊಳಗೆ ನಿಲ್ಲುವುದು ಕಷ್ಟ. ಬ್ರೇಕರಿನಲ್ಲಿ ಮಾತ್ರ ಚೌಕಾಸಿ ಬೇಡ. 30 ಮಿಲಿ ಆಂಪಿಯರ್ ಸೋರಿಕೆಗೆ ಬೀಳುವಂಥದ್ದೇ ಇರಲಿ. ನೀರಿನಲ್ಲಿ ಮುಳುಗಿ ಕೂತ ಮನುಷ್ಯನಿಗೆ ಕರೆಂಟು ಎರಡನೇ ಅವಕಾಶ ಕೊಡುವುದಿಲ್ಲ.

ತಾರಸಿಯ ಮಾತು ಬಿಟ್ಟುಬಿಡಿ. ನಾಲ್ಕು ಜನರ ಟಬ್ಬಿಗೆ ಹೆಚ್ಚುಕಡಿಮೆ ಸಾವಿರ ಲೀಟರ್ ನೀರು ಹಿಡಿಯುತ್ತದೆ, ಅಂದರೆ ಒಂದು ಟನ್. ಖಾಲಿ ಟಬ್ಬಿನ ತೂಕ ಇನ್ನೂರೈವತ್ತು ಕೆ.ಜಿ., ಕೂತವರದ್ದು ಇನ್ನೂರೈವತ್ತು. ಇದಿಷ್ಟೂ ನಾಲ್ಕು ಚದರ ಮೀಟರಿನ ಮೇಲೆ ಬಿದ್ದರೆ ಚದರ ಮೀಟರಿಗೆ ಮುನ್ನೂರೆಪ್ಪತ್ತೈದು ಕೆ.ಜಿ. ಸಾಮಾನ್ಯ ಮನೆಯ ತಾರಸಿ, ಮಹಡಿಗಳನ್ನು ಎಂಜಿನಿಯರ್‌ಗಳು ನೂರೈವತ್ತರಿಂದ ಇನ್ನೂರು ಕೆ.ಜಿ. ಹೊರೆಗೆ ಲೆಕ್ಕ ಹಾಕಿ ಕಟ್ಟಿಸುತ್ತಾರೆ. 'ಸಿಂಟೆಕ್ಸ್ ಟ್ಯಾಂಕ್ ಇಟ್ಟಿಲ್ಲವೇ?' ಅಂತೀರಿ. ತಿಳಿದ ಮೇಸ್ತ್ರಿ ಅದನ್ನು ಗೋಡೆ ಕೂಡುವ ಮೂಲೆಯ ಮೇಲೆ ಇಡುತ್ತಾನೆ, ನಟ್ಟನಡುವೆ ಇಡುವುದಿಲ್ಲ. ತೋಟ ಕಾಣಬೇಕೆಂದರೆ ಟಬ್ಬನ್ನು ಹಿತ್ತಲ ನೆಲದ ಮೇಲೆ ಇಟ್ಟು ತೋಟದ ಕಡೆ ಮುಖ ಮಾಡಿ ಕೂತರಾಯಿತು. ಬಿ.ದುರ್ಗದ ಕಡೆ ಕೋತಿಗಳ ಕಾಟ ಹೇಗಿದೆಯೋ ಕಾಣೆ. ನಮ್ಮ ಬೀದಿಯ ಕೋತಿಗಳಿಗೆ ಟಬ್ಬಿನ ಮೇಲುಹೊದಿಕೆಯ ಫೋಮ್ ಸಿಕ್ಕರೆ ಒಂದು ಮಧ್ಯಾಹ್ನದ ಆಟ.

ಈಗ ನೀರು. ಇಲ್ಲಿ ನಿಮ್ಮ ಮನೆಯವರ ಮಾತು ಅರ್ಧ ಸರಿ. ಹಾಟ್ ಟಬ್ಬಿನ ನೀರನ್ನು ದಿನಾ ಚೆಲ್ಲುವುದಿಲ್ಲ. ಫಿಲ್ಟರಿನಲ್ಲಿ ತಿರುಗಿಸುತ್ತ, ಔಷಧಿ ಹಾಕುತ್ತ ಮೂರು ತಿಂಗಳು ಅದೇ ನೀರನ್ನು ಇಟ್ಟುಕೊಳ್ಳುತ್ತಾರೆ. ಆವಿಯಾಗಿದ್ದು, ಚೆಲ್ಲಿದ್ದು ಎಲ್ಲ ಸೇರಿಸಿದರೂ ವರ್ಷಕ್ಕೆ ಒಂದು ಟ್ಯಾಂಕರ್ ನೀರು. ಆ ಲೆಕ್ಕದಲ್ಲಿ ಟಬ್ಬು ದುಂದುಗಾರನಲ್ಲ. ಆದರೆ ಔಷಧಿಯ ಆ ನೀರನ್ನು ನೇರ ಗಿಡದ ಬುಡಕ್ಕೆ ಬಿಡುವಂತಿಲ್ಲ, ಕೆಲವು ದಿನ ಬಿಸಿಲಿಗೆ ಬಿಟ್ಟು ಕ್ಲೋರಿನ್ ಹಾರಿಹೋದ ಮೇಲೆ ಬಿಡಬೇಕು. ಇನ್ನು ಸವಳು. ನಮ್ಮ ಮನೆಯ ಗೀಸರಿನ ಕಾಯಿಲನ್ನು ಬಿಚ್ಚಿದಾಗಲೆಲ್ಲ ಬೆರಳುದಪ್ಪದ ಬಿಳಿ ಸುಣ್ಣ ಉದುರುತ್ತದೆ. ಅದೇ ಸುಣ್ಣ ಟಬ್ಬಿನ ಹೀಟರಿನ ಮೇಲೂ, ನೀರು ಚಿಮ್ಮುವ ಸಣ್ಣ ಸಣ್ಣ ತೂತುಗಳಲ್ಲೂ ಕೂರುತ್ತದೆ. ಗೀಸರಾದರೆ ಊರಿನ ಎಲೆಕ್ಟ್ರಿಷಿಯನ್ ಬಂದು ಬಿಚ್ಚುತ್ತಾನೆ. ಈ ಟಬ್ಬನ್ನು ಬಿಚ್ಚಲು ಬಲ್ಲವರು ಹೊಳಲ್ಕೆರೆಯಲ್ಲಿ ಇದ್ದಾರೆಯೇ, ಬೆಂಗಳೂರಿನಿಂದ ಬರಬೇಕಾದರೆ ಒಂದು ಸಲ ಬಂದುಹೋಗಲು ಎಷ್ಟು ಎಂದು ಅಂಗಡಿಯವರಿಂದ ಬರೆಸಿಕೊಳ್ಳಿ. ಬಾಯಿಮಾತಿಗೆ ವಾರಂಟಿ ಇಲ್ಲ.

ಟ್ಯಾಂಕರಿನ ದಿನಗಳನ್ನು ಮರೆಯುವುದು ಈ ಜಿಲ್ಲೆಯಲ್ಲಿ ಯಾರಿಗೂ ಸಾಧ್ಯವಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರ ತನಕ ಎಂಬತ್ತೊಂಬತ್ತು ವರ್ಷ ತೆಗೆದುಕೊಂಡಿತು. ಅದಾದ ಮರುವರ್ಷವೇ, 2023ರಲ್ಲಿ, ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಪಟ್ಟಿಯಲ್ಲಿದ್ದವು. ಒಂದು ಒಳ್ಳೆಯ ಮಳೆಯನ್ನು ನಂಬಿ ಹತ್ತು ವರ್ಷದ ಖರ್ಚು ಮೈಮೇಲೆ ಎಳೆದುಕೊಳ್ಳಬಾರದು ಎಂದು ನಿಮ್ಮ ಮನೆಯವರು ಅಂದುಕೊಂಡರೆ, ಅದು ಅಂಜುಬುರುಕುತನವಲ್ಲ, ಅನುಭವ.

ಕರೆಂಟಿನ ಲೆಕ್ಕವನ್ನು ಅಂಗಡಿಯವರು 'ತುಂಬಾ ಕಡಿಮೆ ಬರುತ್ತೆ ಸಾರ್' ಎಂದು ಮುಗಿಸಿರುತ್ತಾರೆ. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ಯೂನಿಟ್ ಬೇಕು. 25 ಡಿಗ್ರಿಯಿಂದ 39ಕ್ಕೆ ಏರಿಸಲು ಹದಿನಾರು ಯೂನಿಟ್. ಮೂರು ಕಿಲೋವಾಟ್ ಹೀಟರಿಗೆ ಐದೂವರೆ ಗಂಟೆಯ ಕೆಲಸ. ಇದು ಮೊದಲ ದಿನದ್ದು. ಆಮೇಲೆ ಬಿಸಿಯನ್ನು ಕಾಯ್ದುಕೊಳ್ಳಲು, ಒಳ್ಳೆಯ ಮುಚ್ಚಳವಿದ್ದರೂ, ದಿನಕ್ಕೆ ನಾಲ್ಕೈದು ಯೂನಿಟ್ ಹೋಗುತ್ತದೆ. ಪಂಪು, ಫಿಲ್ಟರ್ ಸೇರಿ ತಿಂಗಳಿಗೆ ನೂರೆಪ್ಪತ್ತು ಯೂನಿಟ್ ಎಂದುಕೊಳ್ಳಿ. ಈಗ ನಿಮ್ಮ ಮನೆಗೆ ತೊಂಬತ್ತು ಯೂನಿಟ್ ಖರ್ಚಾಗಿ, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದೆ ಎಂದಿಟ್ಟುಕೊಂಡರೆ, ಟಬ್ಬು ಬಂದ ತಿಂಗಳು ಇನ್ನೂರೈವತ್ತು ದಾಟುತ್ತದೆ. ಇನ್ನೂರು ಯೂನಿಟ್ ದಾಟಿದವರು ಹೆಚ್ಚುವರಿಗೆ ಮಾತ್ರ ಕಟ್ಟಿದರೆ ಸಾಲದು, ಇಡೀ ಬಿಲ್ಲನ್ನೇ ಕಟ್ಟಬೇಕು. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು, ಲೋಡ್ ಹೆಚ್ಚಿಸಿಕೊಂಡದ್ದಕ್ಕೆ ತಿಂಗಳ ನಿಗದಿತ ಶುಲ್ಕ, ಮೇಲೆ ತೆರಿಗೆ. ಸೊನ್ನೆ ಇದ್ದ ಬಿಲ್ಲು ಎರಡೂವರೆ ಸಾವಿರಕ್ಕೆ ಬಂದು ನಿಲ್ಲುತ್ತದೆ. ತೋಟದ ಪಂಪ್‌ಸೆಟ್ಟಿನ ಲೈನಿನಿಂದ ಎಳೆದರೆ ಉಚಿತವಲ್ಲವೇ ಎಂದು ಯಾರಾದರೂ ಕಿವಿಯಲ್ಲಿ ಊದಿದರೆ ಕೇಳಬೇಡಿ. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಸರ್ಕಾರ ಕೊಡುವ ಕರೆಂಟು ಅದು. ಮೀಯಲು ಬಳಸಿದರೆ ಕಳ್ಳತನವಾಗುತ್ತದೆ, ಬೆಸ್ಕಾಂನವರು ದಂಡವನ್ನೂ ಹಾಕುತ್ತಾರೆ. ಅಲ್ಲದೆ ತ್ರೀಫೇಸ್ ನಿಮ್ಮ ಸ್ನಾನದ ಹೊತ್ತು ನೋಡಿಕೊಂಡು ಬರುವುದಿಲ್ಲ.

ವರ್ಷಕ್ಕೆ ಕರೆಂಟು 30 ಸಾವಿರ, ಔಷಧಿ ಮತ್ತು ಫಿಲ್ಟರಿಗೆ 12, ಸರ್ವಿಸ್ಸಿಗೆ 13 ಸಾವಿರ. ಒಟ್ಟು 55 ಸಾವಿರ. ಟಬ್ಬು ಹತ್ತು ವರ್ಷ ಬಾಳಿತು ಎಂದುಕೊಂಡು ಏಳೂವರೆ ಲಕ್ಷವನ್ನೂ ಹಂಚಿದರೆ ವರ್ಷಕ್ಕೆ 1,30,000. ವಾರಕ್ಕೊಮ್ಮೆ ಇಳಿದರೆ ಒಂದು ಇಳಿತಕ್ಕೆ ಎರಡೂವರೆ ಸಾವಿರ ರೂಪಾಯಿ. ದಿನಾ ಇಳಿಯುತ್ತೇನೆ ಎನ್ನುತ್ತೀರೇನೋ. ಮೊದಲ ತಿಂಗಳು ಖಂಡಿತ ಇಳಿಯುತ್ತೀರಿ. ಗೊನೆ ಕೊಯ್ಲು ಶುರುವಾದ ಮೇಲೆ? ಮಾರ್ಚ್ ತಿಂಗಳ ಚಿತ್ರದುರ್ಗದ ಬಿಸಿಲಿನಲ್ಲಿ? ನಮ್ಮ ಕಡೆ ಬಿಸಿನೀರಿನಲ್ಲಿ ಮುಳುಗಿ ಕೂರಬೇಕು ಅನ್ನಿಸುವುದು ದೀಪಾವಳಿಯಿಂದ ಶಿವರಾತ್ರಿಯವರೆಗೆ, ಆಮೇಲೆ ಜಡಿಮಳೆಯ ನಾಲ್ಕು ದಿನ.

ಇಲ್ಲಿ ಒಂದು ಕಥೆ ಹೇಳಬೇಕು, ನೀವು ಬೋರು ಪಂಪು ಕಂಡವರಾದ್ದರಿಂದ ಖುಷಿಯಾದೀತು. 'ಜಕೂಜಿ' ಎನ್ನುವುದು ಒಂದು ಮನೆತನದ ಹೆಸರು. ಇಟಲಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋದ ಅಣ್ಣತಮ್ಮಂದಿರು ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಆಳದ ಬಾವಿಯಿಂದ ನೀರೆತ್ತುವ ಜೆಟ್ ಪಂಪು ಮಾಡಿ ಹೆಸರಾದವರು. ಅವರ ಗಿರಾಕಿಗಳಲ್ಲಿ ನಿಮ್ಮಂಥ ತೋಟದವರೂ ಇದ್ದರು. ಅವರಲ್ಲೊಬ್ಬನಾದ ಕ್ಯಾಂಡಿಡೊನ ಮಗನಿಗೆ ಎಳವೆಯಲ್ಲೇ ಕೀಲುವಾತ. ಆಸ್ಪತ್ರೆಯಲ್ಲಿ ಚಿಮ್ಮುವ ಬಿಸಿನೀರಿನ ಚಿಕಿತ್ಸೆ ಕೊಟ್ಟರೆ ಹುಡುಗನಿಗೆ ಹಾಯೆನಿಸುತ್ತಿತ್ತು. ಅಪ್ಪ ಮನೆಯ ಸಾಮಾನ್ಯ ಬಾತ್‌ಟಬ್ಬಿನೊಳಗೆ ಇಳಿಬಿಡುವಂಥ ಒಂದು ಚಿಕ್ಕ ಪಂಪನ್ನು ಮಾಡಿದ. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ಪಂಪನ್ನೂ ಟಬ್ಬನ್ನೂ ಒಂದೇ ಮಾಡಿ ಶ್ರೀಮಂತರ ಸಾಮಾನಾಗಿಸಿದ್ದು ಅದೇ ಮನೆಯ ಮುಂದಿನ ತಲೆಮಾರು, 1968ರಲ್ಲಿ. ನಿಮ್ಮ ಮಂಡಿಗೆ ಬೇಕಾದದ್ದು 1956ರದ್ದು. ಅಂಗಡಿಯವರು ನಿಮಗೆ ತೋರಿಸಿದ್ದು 1968ರದ್ದು.

ಮಂಡಿಯ ವಿಷಯ ಬಂದಿದ್ದರಿಂದ ಎರಡು ಮಾತು. ಬಿಸಿನೀರು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ನೀರು ಮೈಯ ಭಾರ ಹೊರುವುದರಿಂದ ಕೀಲಿಗೆ ಬಿಡುವು ಸಿಗುತ್ತದೆ. ಅದು ನಿಜ. ಅದು ಶಮನ, ಚಿಕಿತ್ಸೆಯಲ್ಲ. ಹತ್ತು ವರ್ಷದ ನೋವಿಗೆ ಮೂಳೆ ವೈದ್ಯರಿಗೆ ತೋರಿಸಿ ಒಂದು ಎಕ್ಸ್‌ರೇ ತೆಗೆಸಿದ್ದೀರಾ? ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿದ್ದೀರಾ? ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುವುದಷ್ಟೇ ಅಲ್ಲ, ಮೂಳೆ ಕೀಲುಗಳೂ ಬಿಗಿಯಬಹುದು. ಮೀಯುವುದರಿಂದ ಆ ತೊಂದರೆಯಿಲ್ಲ, ಕುಡಿಯುವುದರಿಂದ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವ ಅಭ್ಯಾಸ ಇಲ್ಲದಿದ್ದರೆ ನಾಳೆಯಿಂದಲೇ ಶುರು ಮಾಡಿ. ಬಿಪಿಯವರು ವೈದ್ಯರನ್ನು ಕೇಳದೆ ಬಿಸಿನೀರಿನಲ್ಲಿ ಕೂರಬೇಡಿ. ಕೇಳಿ ಒಪ್ಪಿಗೆ ಸಿಕ್ಕಮೇಲೂ ನೀರು 40 ಡಿಗ್ರಿ ದಾಟಬಾರದು, ಹತ್ತು ಹದಿನೈದು ನಿಮಿಷ ಸಾಕು. ರೆಸಾರ್ಟಿನ ಅರ್ಧ ಗಂಟೆ ನಿಮಗೆ ಹೆಚ್ಚಾಯಿತು. ಏಳುವಾಗ ನಿಧಾನಕ್ಕೆ, ಕಂಬಿ ಹಿಡಿದು ಏಳಿ. ಬಿಸಿನೀರಿನಿಂದ ಗಬಕ್ಕನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಇಳಿಯಬೇಡಿ.

ಇನ್ನು ನಿಮ್ಮ ಪತ್ರ. ಅದನ್ನು ಎರಡನೇ ಸಲ ಓದಿದಾಗ ಒಂದು ಸಾಲಿನ ಹತ್ತಿರ ನಿಂತೆ. 'ಅವಳು ಬೆಳಿಗ್ಗೆ ಐದಕ್ಕೆ ಎದ್ದು ಹಂಡೆಗೆ ಉರಿ ಹಾಕಿ.' ನೀವು ಇದನ್ನು ಬರೆದದ್ದು ನಿಮ್ಮ ಸ್ನಾನ ಎಷ್ಟು ಸಾದಾ ಎಂದು ಹೇಳಲು. ಓದಿದ ನನಗೆ ಕಂಡಿದ್ದು ಬೇರೆ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಿಸಿನೀರು ಕಾಯಿಸಿದವರು ಅವರು. ನಾನು ಕಂಡ ಮನೆಗಳಲ್ಲೆಲ್ಲ ಕೊನೆಗೆ ಮೀಯುವವರೂ ಅವರೇ, ಹಂಡೆಯ ತಳದ ಉಗುರುಬೆಚ್ಚಗಿನ ನೀರಿನಲ್ಲಿ, ಒಲೆಯ ಮೇಲೆ ಇಟ್ಟುಬಂದ ಸಾರನ್ನು ನೆನೆಯುತ್ತ. ಇನ್ನೊಬ್ಬರು ಕಾಯಿಸಿದ ನೀರನ್ನು ಇನ್ನೊಬ್ಬರ ಕೈಯಿಂದ 'ಸಾಕು' ಎನ್ನುವವರೆಗೆ ಹುಯ್ಯಿಸಿಕೊಳ್ಳುವ ಭಾಗ್ಯ ನಮ್ಮ ಹೆಣ್ಣುಮಕ್ಕಳಿಗೆ ಸಿಗುವುದು ಬಾಣಂತನದಲ್ಲಿ. ಹಿರಿಯೂರಿನ ತವರುಮನೆಯಲ್ಲಿ ನನಗೆ ನೀರು ಹುಯ್ದ ಮುದುಕಿಯ ಕೈ ಬಿಸಿ ಇವತ್ತಿಗೂ ಬೆನ್ನಿನ ಮೇಲಿದೆ. ಅದಾಗಿ ಮೂವತ್ತು ವರ್ಷವಾಯಿತು, ಮತ್ತೆ ಯಾರೂ ಹುಯ್ದಿಲ್ಲ.

ಕೊಟೇಷನ್ನಿನಲ್ಲಿ 'ನಿರ್ವಹಣೆ ಅತ್ಯಲ್ಪ' ಎಂದು ಅಚ್ಚಾಗಿರಬಹುದು. ಆ ಅತ್ಯಲ್ಪ ಏನೆಂದು ಹೇಳುತ್ತೇನೆ. ನೀರಿಗೆ ಪಟ್ಟಿ ಅದ್ದಿ ಬಣ್ಣ ನೋಡಿ ಕ್ಲೋರಿನ್ ಅಳೆಯಬೇಕು. ದಶಲಕ್ಷಕ್ಕೆ ಮೂರು ಪಾಲಿಗಿಂತ ಕೆಳಗಿಳಿಯಬಾರದು. ಹುಳಿ ಕ್ಷಾರದ ಅಳತೆ ಏಳೂವರೆಯ ಆಸುಪಾಸಿನಲ್ಲಿ ಇರಬೇಕು. ಬೆಚ್ಚಗಿನ ನಿಂತ ನೀರು ರೋಗಾಣುಗಳಿಗೆ ಹೆರಿಗೆ ಮನೆ. ಅದರಲ್ಲೂ ಲೀಜಿಯೊನೆಲ್ಲಾ ಎಂಬುದು ಆವಿಯ ಜತೆ ಉಸಿರಿಗೆ ಹೋಗಿ ನ್ಯುಮೋನಿಯಾ ತರುತ್ತದೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ ತೊಳೆಯಬೇಕು. ಅಂಚಿಗೆ ಕಟ್ಟಿದ ಜಿಡ್ಡು ಉಜ್ಜಬೇಕು. ತೋಟದಿಂದ ಹಾರಿಬಂದ ಕಸ ತೆಗೆಯಬೇಕು. ಮೈಗೆ ಎಣ್ಣೆ ಹಚ್ಚಿಕೊಂಡು ಇಳಿಯುವಂತಿಲ್ಲ, ಅಭ್ಯಂಜನ ಮಾಡಿ ಇಳಿದಿರೋ, ಫಿಲ್ಟರಿನ ಕಥೆ ಮುಗಿಯಿತು. ಸೋಪು ಹಾಕುವಂತಿಲ್ಲ. ಜಪಾನಿನವರು ಮೊದಲು ಹೊರಗೆ ಕೂತು ಮೈ ತೊಳೆದುಕೊಂಡು, ಆಮೇಲೆ ತೊಟ್ಟಿಗೆ ಇಳಿಯುತ್ತಾರಂತೆ, ಮನೆಮಂದಿಯೆಲ್ಲ ಅದೇ ನೀರಿಗೆ. ನಮಗೆ ಅದು ಒಗ್ಗುವುದು ಕಷ್ಟ. ನಮ್ಮಲ್ಲಿ ಮೀಯುವುದು ಎಂದರೆ ಸುರಿದುಕೊಳ್ಳುವುದು, ಮೈಮೇಲಿಂದ ಹರಿದುಹೋಗಬೇಕು. ಒಬ್ಬರು ಕೂತೆದ್ದ ನೀರಿಗೆ ಇನ್ನೊಬ್ಬರು ಕೂರುವುದೆಂದರೆ ನಿಮ್ಮ ಮನೆಯವರು ಮೂಗು ಮುರಿದಾರು. ಈ ಕೆಲಸವನ್ನೆಲ್ಲ ಮಾಡುವವರು ಯಾರು ಎಂದು ನೀವು ಬರೆದಿಲ್ಲ. ಅವರು ಮಾತ್ರ ಮೊದಲ ದಿನವೇ ಯೋಚಿಸಿರುತ್ತಾರೆ.

'ಊರೋರು ನಗ್ತಾರೆ' ಎಂದರೆ ಯಾವಾಗಲೂ ಊರಿನ ಮಾತಲ್ಲ. 'ನನಗೆ ಇನ್ನೊಂದು ಕೆಲಸ ಬೇಡ' ಎನ್ನಲು ಬಾಯಿ ಬಾರದಾಗ ನಾವು ಊರನ್ನು ಮುಂದೆ ಮಾಡುತ್ತೇವೆ. ನನ್ನ ಊಹೆ ತಪ್ಪಿರಬಹುದು. ತಪ್ಪೋ ಸರಿಯೋ ತಿಳಿಯಲು ದಾರಿ ಒಂದೇ, ಕೇಳುವುದು. 'ಟಬ್ ತರಲಾ ಬೇಡವಾ' ಎಂದು ಮಾತ್ರ ಕೇಳಬೇಡಿ, ಆ ಪ್ರಶ್ನೆಗೆ ಆಗಲೇ ಉತ್ತರ ಸಿಕ್ಕಿದೆ. 'ನಿಂಗೆ ಬಿಸಿನೀರು ಹೆಂಗಿರ್ಬೇಕು?' ಎಂದು ಕೇಳಿ. ಮೊದಲು ನಗುತ್ತಾರೆ. ತಿಂಗಳ ಮೌನಕ್ಕೆ ಆ ನಗುವೇ ಸಾಕು.

ದುಡ್ಡನ್ನು ಹೀಗೆ ಮೂರು ಕಡೆ ಎತ್ತಿಡಿ. ಅಡಿಕೆಯ ದುಡ್ಡು ತಿಂಗಳ ಸಂಬಳದಂತಲ್ಲ, ವರ್ಷಕ್ಕೊಮ್ಮೆ ಬರುತ್ತದೆ, ಧಾರಣೆ ನಿಮ್ಮ ಮಾತು ಕೇಳುವುದಿಲ್ಲ. ಆದ್ದರಿಂದ ಮುಂದಿನ ಸಲದ ಗೊಬ್ಬರ, ಕೂಲಿ, ಮನೆಖರ್ಚಿಗೆ ಎರಡು ಲಕ್ಷವನ್ನು ಬ್ಯಾಂಕಿನಲ್ಲಿ ಠೇವಣಿ ಮಾಡಿ. ಒಂದು ಬೋರು ಕೈಕೊಟ್ಟರೆ ಇನ್ನೊಂದು ಕೊರೆಸಿ ಮೋಟಾರು ಇಳಿಸಲು ಎರಡೂವರೆ ಲಕ್ಷ. ಅದಕ್ಕೆ ನಿಮ್ಮ ಮನೆಯವರ ಹೆಸರೂ ಸೇರಿರಲಿ. ಉಳಿದ ಒಂದೂವರೆ ಲಕ್ಷ ನಿಮ್ಮಿಬ್ಬರ ಸುಖಕ್ಕೆ. ಅದನ್ನು ಖರ್ಚು ಮಾಡಲು ಯಾರಿಗೂ ಸಬೂಬು ಹೇಳಬೇಕಾಗಿಲ್ಲ. ಕಡಿಮೆ ಬಿತ್ತು ಎಂದು ಸೊಸೈಟಿಯ ಬೆಳೆಸಾಲವನ್ನಾಗಲಿ, ಒಡವೆ ಅಡವಿಟ್ಟ ದುಡ್ಡನ್ನಾಗಲಿ ಇದಕ್ಕೆ ತಿರುಗಿಸಬೇಡಿ. ಮಗ ಕೊಡುತ್ತೇನೆಂದರೆ ಅದು ಬೇರೆ ಮಾತು, ಆದರೆ ಅವನೂ 'ನಿಮ್ಮಿಷ್ಟ' ಎಂದು ಜಾರಿಕೊಂಡಿದ್ದಾನಲ್ಲ.

ಒಂದೂವರೆ ಲಕ್ಷದಲ್ಲಿ ಏನು ಸಿಗುತ್ತದೆ ನೋಡಿ. ಬಚ್ಚಲನ್ನು ಒಂದಿಷ್ಟು ದೊಡ್ಡದು ಮಾಡಿ, ಒಬ್ಬರು ಕಾಲು ಚಾಚಿ ಕೂರುವ ಸಾದಾ ಅಕ್ರಿಲಿಕ್ ಟಬ್ಬು. ಸಿಮೆಂಟಿನ ತೊಟ್ಟಿ ಅಗ್ಗ, ಆದರೆ ನೀರಿನ ಬಿಸಿಯನ್ನೆಲ್ಲ ಅದೇ ಕುಡಿದುಬಿಡುತ್ತದೆ. ಒಳಗಿನ ಉದ್ದ ನಾಲ್ಕೂವರೆ ಅಡಿ, ಅಗಲ ಎರಡು, ನೀರಿನ ಆಳ ಒಂದೂವರೆ. ಕೂತವರ ಮೈಯ ಜಾಗ ಕಳೆದರೆ ಮುನ್ನೂರು ಲೀಟರ್. ತಾರಸಿ ಮೇಲೆ ಇನ್ನೂರು ಲೀಟರಿನ ಸೋಲಾರ್. ಸವಳು ನೀರಿಗೆ ಯಾವ ಬಗೆಯದು ತಾಳುತ್ತದೆ ಎಂದು ಕೇಳಿ ತನ್ನಿ. ಸೋಲಾರಿನ 60 ಡಿಗ್ರಿ ನೀರು ನೂರಿಪ್ಪತ್ತು ಲೀಟರ್, ತಣ್ಣೀರು ನೂರೆಂಬತ್ತು ಲೀಟರ್ ಬೆರೆಸಿದರೆ ಸರಿಯಾಗಿ 39 ಡಿಗ್ರಿ. ಒಂದು ಪೈಸೆ ಕರೆಂಟಿಲ್ಲ. ಮೋಡ ಕವಿದ ದಿನಕ್ಕೆ ಹಂಡೆ ಇದ್ದೇ ಇದೆ, ಸೋಗೆ, ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆಗೆ ನಿಮ್ಮಲ್ಲಿ ಬರವೇ? ಅಂಥ ದಿನ ಉರಿ ಹಾಕುವ ಪಾಳಿ ನಿಮ್ಮದು. ನೀರು ಚಿಮ್ಮಲೇಬೇಕು ಎಂದರೆ ಕ್ಯಾಂಡಿಡೊನಂತೆ ಟಬ್ಬಿನೊಳಗೆ ಇಳಿಬಿಡುವ ಚಿಕ್ಕ ಯಂತ್ರಗಳಿವೆ, ನೆಲಕ್ಕೆ ಹಾಸಿ ಗಾಳಿಗುಳ್ಳೆ ಬಿಡುವಂಥವೂ ಸಿಗುತ್ತವೆ. ಮೋಟಾರು ನೀರಿನಿಂದ ದೂರ, ಟಬ್ಬಿನ ಹೊರಗಿರುವಂಥದ್ದೇ ಆಗಲಿ.

ನೀರಿನ ಖರ್ಚು ಇದರಲ್ಲಿ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ವಾರಕ್ಕೊಮ್ಮೆ ಮುನ್ನೂರು ಲೀಟರ್ ಎಂದರೆ ವರ್ಷಕ್ಕೆ ಹದಿನೈದು ಸಾವಿರದ ಆರುನೂರು, ದೊಡ್ಡ ಟಬ್ಬಿನ ಮೂರು ಪಟ್ಟು. ಆದರೆ ಔಷಧಿಯಿಲ್ಲದ ನೀರು, ಅಂದಂದೇ ತೋಟಕ್ಕೆ ಹೋಗುತ್ತದೆ. ಕಾಸರಗೋಡಿನ ಸಿಪಿಸಿಆರ್‌ಐ ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ ಹದಿನಾರರಿಂದ ಇಪ್ಪತ್ತು ಲೀಟರ್ ಎನ್ನುತ್ತದೆ. ನಿಮ್ಮ ಒಂದು ಸ್ನಾನ ಹದಿನೈದು ಮರದ ಒಂದು ದಿನದ ಪಾಲು. ದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ಹರಿಯುವಂತೆ ನಾಯಕರ ಕಾಲದವರು ಮಾಡಿದ್ದಾರಲ್ಲ, ಹಾಗೆ ಟಬ್ಬಿನ ತೂಬು ತೋಟದ ಕಾಲುವೆಗೆ ಸೇರಲಿ. ಕೈಯಲ್ಲಿ ಇನ್ನೂ ಉಳಿದರೆ ಮಳೆನೀರಿಗೆ ಒಂದು ಸಂಪು ಮಾಡಿಸಿ. ಸಾವಿರ ಚದರ ಅಡಿ ತಾರಸಿ, ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆ ಎಂದರೂ, ಪೋಲಾದದ್ದು ಕಳೆದು ನಲವತ್ತು ಸಾವಿರ ಲೀಟರ್ ಮೀರಿ ಸಿಗುತ್ತದೆ. ಮಳೆನೀರಿನಲ್ಲಿ ಸವಳಿಲ್ಲ, ಸೋಲಾರೂ ಬಾಳುತ್ತದೆ, ಮೈಯೂ ಮೆತ್ತಗಾಗುತ್ತದೆ.

ಟಬ್ಬಿನ ಪಕ್ಕದ ಗೋಡೆಗೆ ಎರಡು ಸ್ಟೀಲಿನ ಕಂಬಿ ಹಾಕಿಸಿ, ಒಂದು ಕೂರುವಾಗ ಹಿಡಿಯಲು, ಒಂದು ಏಳುವಾಗ. ಒಳಗಿಳಿಯಲು ಒಂದು ಮೆಟ್ಟಿಲು, ಜಾರದ ಟೈಲ್ಸು. ಮಂಡಿ ನೋವಿನವರು ಟಬ್ಬಿನಲ್ಲಿ ಬೀಳುವುದು ನೀರಿನಲ್ಲಿ ಕೂತಾಗ ಅಲ್ಲ, ಕಾಲೆತ್ತಿ ಅಂಚು ದಾಟುವಾಗ. ಟಬ್ಬನ್ನು ಕಣ್ಣಲ್ಲಿ ನೋಡಿ ಕೊಳ್ಳಬೇಡಿ. ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋದಾಗ ಅಂಗಡಿಯಲ್ಲೇ, ಪಂಚೆ ಎತ್ತಿಕಟ್ಟಿ, ಒಳಗೆ ಕೂತು ಎದ್ದು ನೋಡಿ. ಮನೆಯವರನ್ನೂ ಕೂರಿಸಿ ನೋಡಿ. ಅಂಗಡಿಯವರು ನಕ್ಕರೆ ನಗಲಿ.

ಅದಕ್ಕೂ ಮೊದಲು ನಾಳೆ ಬೆಳಿಗ್ಗೆ ಅಳತೆ ಟೇಪು ತಗೊಂಡು ಬಚ್ಚಲಿಗೆ ಹೋಗಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಮನೆಯವರನ್ನು ಕರೆಯಿರಿ. ಉದ್ದ, ಅಗಲ, ಹಂಡೆಯ ಒಲೆಗೆ ಬಿಡಬೇಕಾದ ಜಾಗ ಬರೆದುಕೊಳ್ಳಿ. ಬಾಗಿಲಿನ ಅಗಲವನ್ನೂ ಅಳೆಯುವುದು ಮರೆಯಬೇಡಿ. ಹಳೆಯ ಮನೆಗಳ ಬಚ್ಚಲ ಬಾಗಿಲು ಎರಡೂಕಾಲು ಅಡಿಗಿಂತ ಹೆಚ್ಚಿರುವುದು ಅಪರೂಪ, ಕೊಂಡು ತಂದ ಟಬ್ಬು ಎಷ್ಟೋ ಸಲ ಅಲ್ಲೇ ಸಿಕ್ಕಿಕೊಳ್ಳುತ್ತದೆ.